ಕೂಡಿ ವ್ಯಾಪಾರ ಮಾಡುವವರಿಗೆ ಕಾಯಿದೆಯ ಮಾತು

(ಸೊಕ್ಕೆಯಲ್ಲಿ ರೈತರು, ವರ್ತಕರು, ಉಪಾಧ್ಯಾಯರು ನೆರೆದಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಕಾಯಿದೆಯ ವಿಷಯವೆಂದೊಡನೆ ಸಭೆಗೆ ಆಕಳಿಕೆ ಬರುವುದು ಸಹಜ. ಆದರೂ ನಾವು ಈ ವಿಷಯವನ್ನೇ ಆರಿಸಿಕೊಂಡಿರುವುದಕ್ಕೆ ಕಾರಣವುಂಟು. ಈ ಹೋಬಳಿಯಲ್ಲಿ ಮಳೆಯನ್ನು ನಂಬಿ ಶೇಂಗಾ, ಮೆಕ್ಕೆಜೋಳ, ಈರುಳ್ಳಿ ಬೆಳೆಯುವ ರೈತರೂ, ಆ ಮಾಲನ್ನು ಕೊಂಡು ದಾವಣಗೆರೆಗೆ ಸಾಗಿಸುವ ವರ್ತಕರೂ, ತಿಂಗಳ ಸಂಬಳದಲ್ಲಿ ಅಷ್ಟಿಷ್ಟು ಉಳಿಸುವ ಉಪಾಧ್ಯಾಯರೂ ಒಂದಲ್ಲ ಒಂದು ದಿನ “ನಾಲ್ಕು ಮಂದಿ ಕೂಡಿ ಏನಾದರೂ ಮಾಡೋಣ” ಎಂದು ಮಾತಾಡಿಕೊಳ್ಳುವವರೇ. ಮಾತು ಒಳ್ಳೆಯದು. ಆದರೆ ಹೀಗೆ ಕೂಡುವವರು ಬಂಡವಾಳವೆಷ್ಟು, ಲಾಭವೆಷ್ಟು ಎಂಬುದನ್ನು ರಾತ್ರಿಯೆಲ್ಲ ಲೆಕ್ಕ ಹಾಕುತ್ತಾರೆ. ಯಾವ ಬಗೆಯ ಕೂಟವನ್ನು ಕಟ್ಟುತ್ತಿದ್ದೇವೆಂಬುದನ್ನು ಮಾತ್ರ ಕೇಳಿಕೊಳ್ಳುವುದಿಲ್ಲ. ಕಾಯಿದೆಯಾದರೋ ಕೂಟಕ್ಕೆ ತಕ್ಕಂತೆ ಫಲವನ್ನು ಕೊಡುತ್ತದೆ. ನಷ್ಟ ಬಂದ ದಿನ ಸಾಲಗಾರನು ಯಾರ ಮನೆಯ ಬಾಗಿಲಿಗೆ ಬರುತ್ತಾನೆ? ಕೂಟದಲ್ಲಿ ಕೊನೆಯ ಮಾತು ಯಾರದು? ಈ ಎರಡು ಪ್ರಶ್ನೆಗಳಿಗೆ ಉತ್ತರ ತಿಳಿದುಕೊಂಡು ಹಣ ಹಾಕಿದವನು ಹಣ ಕಳೆದುಕೊಂಡರೂ ಮನೆ ಕಳೆದುಕೊಳ್ಳಲಾರನು.

ಈ ಪ್ರಶ್ನೆಗಳನ್ನು ನಮ್ಮ ನಾಡಿನ ಒಂದು ಸಣ್ಣ ಹಳ್ಳಿ ನೂರಿಪ್ಪತ್ತು ವರ್ಷಗಳ ಹಿಂದೆಯೇ ಎದುರಿಸಿತು. ಗದಗಿನ ಬಳಿಯ ಕಣಗಿನಹಾಳ ಅದರ ಹೆಸರು. ೧೯೦೪ರಲ್ಲಿ ಭಾರತ ಸರಕಾರವು ಸಹಕಾರಿ ಪತ್ತಿನ ಸಂಘಗಳ ಕಾಯಿದೆಯನ್ನು ಮಾಡಿತಷ್ಟೆ. ಮರುವರ್ಷ, ೧೯೦೫ನೆಯ ಇಸವಿ ಮೇ ೮ರಂದು, ಕಣಗಿನಹಾಳದ ಕೃಷಿ ಪತ್ತಿನ ಸಹಕಾರ ಸಂಘವು ನೋಂದಣಿಯಾಯಿತು. ಮುಂದಾಳಾಗಿ ನಿಂತವರು ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು. ಭಾರತದ ಮೊದಲ ಕೃಷಿ ಪತ್ತಿನ ಸಂಘವೆಂಬ ಕೀರ್ತಿ ಅದಕ್ಕೆ ಸಂದಿದೆ; ಶಾಲೆಯ ಮಕ್ಕಳಿಗೂ ಇದನ್ನು ಹೇಳಿಕೊಡುತ್ತೇವೆ. ಹೇಳಿಕೊಡದಿರುವ ಸಂಗತಿ ಬೇರೊಂದಿದೆ. ೧೯೦೪ರ ಆ ಕಾಯಿದೆಯ ಪ್ರಕಾರ ಗ್ರಾಮಾಂತರದ ಸಂಘಗಳ ಹೊಣೆಗಾರಿಕೆಗೆ ಸಾಮಾನ್ಯವಾಗಿ ಮಿತಿಯೇ ಇರಲಿಲ್ಲ. ಸಂಘವು ಸಾಲ ತೀರಿಸಲಾರದೆ ಹೋದರೆ ಸದಸ್ಯನ ಹೊಲ, ಎತ್ತು, ಮನೆ ಎಲ್ಲವೂ ಹೊಣೆಗೆ ಬರುತ್ತಿದ್ದವು. ಜರ್ಮನಿಯಲ್ಲಿ ರೈಫೈಸನ್ ಎಂಬಾತನು ಹಳ್ಳಿಗರಿಗಾಗಿ ರೂಪಿಸಿದ್ದ ಪದ್ಧತಿಯೇ ಇದು. ಕೈಯಲ್ಲಿ ಹಣವಿಲ್ಲದ ರೈತನಿಗೆ ಯಾರು ಸಾಲ ಕೊಟ್ಟಾರು? ಊರಿನವರೆಲ್ಲರೂ ಒಬ್ಬರಿಗೊಬ್ಬರು ಸಂಪೂರ್ಣ ಹೊಣೆಯಾದರೆ ಆ ಹೊಣೆಯೇ ಬಂಡವಾಳವಾಗುತ್ತದೆ. ಯಾವನು ಸಾಲವನ್ನು ಬಿತ್ತನೆಗೆ ಬಳಸಿದನು, ಯಾವನು ಮದುವೆಗೆ ಸುರಿದನು ಎಂಬುದನ್ನು ನೆರೆಯವರೇ ನೋಡಿಕೊಳ್ಳುತ್ತಾರೆ, ಏಕೆಂದರೆ ತಪ್ಪಿದರೆ ತೆರಬೇಕಾದವರು ತಾವೇ. ಕಣಗಿನಹಾಳದ ಹಿರಿಯರ ಧೈರ್ಯವನ್ನು ಹೊಗಳುವವರು ಈ ಹೊಣೆಯ ತೂಕವನ್ನೂ ನೆನೆಯಬೇಕು. ಇಂದು ನಮ್ಮಲ್ಲಿ ಕಾಣುವ ಸಹಕಾರ ಸಂಘಗಳು ಬಹುತೇಕ ಸೀಮಿತ ಹೊಣೆಯವು. ಷೇರಿನ ಹಣಕ್ಕೆ ಸದಸ್ಯನ ಹೊಣೆ ನಿಲ್ಲುತ್ತದೆ. ಹೊಣೆ ಹಗುರಾದಂತೆ ನೆರೆಯವರ ಕಾವಲೂ ಸಡಿಲವಾಯಿತೆಂಬುದು ನಮ್ಮ ಅಭಿಪ್ರಾಯ.

ಕಣಗಿನಹಾಳವು ಆಗ ಮುಂಬಯಿ ಇಲಾಖೆಯಲ್ಲಿತ್ತು. ಸೊಕ್ಕೆಯು ಮೈಸೂರು ಸಂಸ್ಥಾನದ ಅಂಚಿನಲ್ಲಿತ್ತು. ನಮ್ಮ ಜಗಳೂರು ತಾಲೂಕಿಗೆ ಹೊಂದಿಕೊಂಡಿರುವ ಕೂಡ್ಲಿಗಿ ಸೀಮೆಯು ಬಳ್ಳಾರಿ ಜಿಲ್ಲೆಯೊಡನೆ ಮದರಾಸಿಗೆ ಸೇರಿತ್ತು. ಮೈಸೂರಿಗೆ ೧೯೦೫ರ ಸಹಕಾರ ರೆಗ್ಯುಲೇಷನ್ನು. ಮುಂಬಯಿಗೆ ೧೯೨೫ರ ಕಾಯಿದೆ. ಮದರಾಸಿಗೆ ೧೯೩೨ರ ಕಾಯಿದೆ. ಹೈದರಾಬಾದಿಗೆ ನಿಜಾಮನದು, ಕೊಡಗಿಗೆ ಇನ್ನೊಂದು. ಒಂದೇ ಭಾಷೆಯಾಡಿ, ಒಂದೇ ಸಂತೆಗೆ ಹೋಗಿ, ಹೆಣ್ಣು ಕೊಟ್ಟು ತರುವ ಎರಡು ಊರಿನ ರೈತರು ಒಂದು ಸಂಘವನ್ನು ಕಟ್ಟಬೇಕೆಂದರೆ ನಡುವೆ ಒಂದು ರಾಜ್ಯದ ಗಡಿ ಹಾಯುತ್ತಿತ್ತು. ಏಕೀಕರಣವೆಂದರೆ ಬರಿಯ ಭಾಷಾಭಿಮಾನವೆಂದು ಭಾವಿಸಿದ್ದವರಿಗೆ ಈ ಲೆಕ್ಕ ತಿಳಿಯದು. ೧೯೫೩ರ ಅಕ್ಟೋಬರ್ ೧ರಂದು ಬಳ್ಳಾರಿಯ ಕನ್ನಡ ತಾಲೂಕುಗಳು ಮೈಸೂರಿಗೆ ಸೇರಿದವು. ೧೯೫೬ರ ನವೆಂಬರ್ ೧ರಂದು ಮಿಕ್ಕ ಸೀಮೆಗಳು ಬಂದವು. ೧೯೫೯ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಸಹಕಾರ ಸಂಘಗಳ ಕಾಯಿದೆಯಾಯಿತು. ಕಾಸರಗೋಡು ಮಾತ್ರ ಕೇರಳಕ್ಕೆ ಹೋಯಿತು. ಅಲ್ಲಿಯ ಅಡಕೆ ಬೆಳೆಗಾರರ ಮಾತನ್ನು ಮುಂದೆ ಹೇಳುತ್ತೇವೆ.

ಈಗ ಕೂಟಗಳ ಬಗೆಗಳಿಗೆ ಬರೋಣ. ಒಬ್ಬನೇ ಅಂಗಡಿ ಇಟ್ಟವನ ವಿಷಯದಲ್ಲಿ ಹೆಚ್ಚು ಹೇಳತಕ್ಕದ್ದಿಲ್ಲ. ಕಾಯಿದೆಯ ಕಣ್ಣಿಗೆ ಅಂಗಡಿಯೂ ಅವನೂ ಒಂದೇ. ಅಂಗಡಿಯ ಸಾಲ ಅವನ ಸಾಲ. ಅವಿಭಕ್ತ ಹಿಂದೂ ಕುಟುಂಬದ ವ್ಯಾಪಾರವನ್ನು ಯಾರೂ ಕಟ್ಟುವುದಿಲ್ಲ, ಹುಟ್ಟಿನಿಂದ ಬರುತ್ತದೆ. ಅದರಲ್ಲಿ ಯಜಮಾನನ ಹೊಣೆಗೆ ಮಿತಿಯಿಲ್ಲ. ಉಳಿದ ದಾಯಾದಿಗಳ ಹೊಣೆ ಕುಟುಂಬದ ಆಸ್ತಿಯಲ್ಲಿ ಅವರಿಗಿರುವ ಪಾಲಿಗೆ ಮಾತ್ರ. ಹೆಣ್ಣುಮಕ್ಕಳಿಗೂ ಈ ದಾಯದಲ್ಲಿ ಸಮಪಾಲೆಂದು ಕರ್ನಾಟಕವು ೧೯೯೪ರಲ್ಲಿಯೂ ಕೇಂದ್ರವು ೨೦೦೫ರಲ್ಲಿಯೂ ಕಾಯಿದೆ ಮಾಡಿವೆ. ತಂದೆಯ ಗದ್ದುಗೆಯನ್ನು ಗಂಡುಮಕ್ಕಳಷ್ಟೇ ಹಂಚಿಕೊಂಡು ಪತ್ರ ಬರೆಸುವವರು ಇನ್ನೂ ಇದ್ದಾರೆ. ಆ ಪತ್ರಗಳು ವ್ಯಾಜ್ಯದ ಬೀಜಗಳು.

ಹಳ್ಳಿಗಳಲ್ಲಿ ಅತ್ಯಂತ ಹೆಚ್ಚಾಗಿ ಕಾಣುವುದು ಪಾಲುದಾರಿಕೆ. ತಮಾಷೆಯೇನೆಂದರೆ, ಪಾಲುದಾರರಾಗಿದ್ದೇವೆಂದು ಪಾಲುದಾರರಿಗೇ ಎಷ್ಟೋ ಸಲ ತಿಳಿದಿರುವುದಿಲ್ಲ. ಐವರು ಸ್ನೇಹಿತರು ಕೂಡಿ ಈರುಳ್ಳಿ ಕೊಂಡು ಬೆಂಗಳೂರಿಗೆ ಕಳುಹಿಸಿ ಲಾಭವನ್ನು ಹಂಚಿಕೊಳ್ಳೋಣವೆಂದು ಬಾಯಿಮಾತಿನಲ್ಲಿ ಒಪ್ಪಿದರೂ ಸಾಕು, ೧೯೩೨ರ ಪಾಲುದಾರಿಕೆ ಕಾಯಿದೆ ಅವರನ್ನು ಹಿಡಿಯುತ್ತದೆ. ಕಾಗದವಿಲ್ಲದಿದ್ದರೂ ಪಾಲುದಾರಿಕೆ ಪಾಲುದಾರಿಕೆಯೇ. ಕಾಗದವಿಲ್ಲದಲ್ಲಿ ಕಾಯಿದೆಯೇ ಕರಾರನ್ನು ಬರೆದುಬಿಡುತ್ತದೆ: ಲಾಭನಷ್ಟಗಳೆರಡೂ ಸಮಪಾಲು. ಒಬ್ಬನು ಎರಡು ಲಕ್ಷ ಹಾಕಿರಲಿ, ಇನ್ನೊಬ್ಬನು ಇಪ್ಪತ್ತು ಸಾವಿರ ಹಾಕಿರಲಿ, ಬೇರೆ ಕರಾರಿಲ್ಲದಿದ್ದರೆ ಪಾಲು ಸಮವೇ. ಹಗಲಿರುಳು ದುಡಿದವನಿಗೆ ಸಂಬಳವೂ ಇಲ್ಲ. ಒಬ್ಬ ಪಾಲುದಾರನು ತೀರಿಕೊಂಡರೆ, ಬೇರೆ ಕರಾರಿಲ್ಲದಲ್ಲಿ, ಪಾಲುದಾರಿಕೆಯೂ ಅಂದಿಗೇ ಮುಗಿಯಿತು.

ಇದಕ್ಕಿಂತ ಗಂಭೀರವಾದ ಮಾತು ಹೊಣೆಯದು. ಪ್ರತಿಯೊಬ್ಬ ಪಾಲುದಾರನೂ ಉಳಿದವರ ಮುಖ್ತಿಯಾರನೆಂದು ಕಾಯಿದೆ ಎಣಿಸುತ್ತದೆ. ಐವರಲ್ಲೊಬ್ಬನು ವ್ಯಾಪಾರಕ್ಕೆಂದು ಗೋಣಿಚೀಲಗಳನ್ನು ಸಾಲವಾಗಿ ತಂದರೆ ಆ ಸಾಲ ಐವರದೂ ಹೌದು, ಒಬ್ಬೊಬ್ಬರದೂ ಹೌದು. ಚೀಲದ ವ್ಯಾಪಾರಿಯು ಐದನೆಯ ಒಂದು ಪಾಲನ್ನು ಒಬ್ಬೊಬ್ಬರಿಂದ ಕೇಳಬೇಕೆಂಬ ನಿಯಮವಿಲ್ಲ. ಐವರಲ್ಲಿ ಯಾರಿಗೆ ಹೊಲವಿದೆಯೋ, ಯಾರಿಗೆ ಸರಕಾರಿ ಸಂಬಳವಿದೆಯೋ ಅವನೊಬ್ಬನಿಂದಲೇ ಪೂರ್ತಿ ವಸೂಲು ಮಾಡಬಹುದು. ತೆತ್ತವನು ಆಮೇಲೆ ಉಳಿದ ನಾಲ್ವರ ಬೆನ್ನು ಹತ್ತಬೇಕು. ಹತ್ತು ಮಂದಿಯ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆಯನ್ನು ನಾವು ಸಹಾಯದ ವಿಷಯದಲ್ಲಿ ಆಡುತ್ತೇವೆ. ಪಾಲುದಾರಿಕೆಯಲ್ಲಿ ಹತ್ತು ಮಂದಿಯ ಸಾಲವೂ ಒಬ್ಬನ ತಲೆಹೊರೆಯಾಗುವುದುಂಟು. ಪಾಲು ಬಿಟ್ಟೆನೆಂದು ಸ್ನೇಹಿತರಿಗೆ ಹೇಳಿದರೆ ಸಾಲದು. ಬಿಟ್ಟ ಸಂಗತಿಯನ್ನು ಬಹಿರಂಗವಾಗಿ ಪ್ರಕಟಿಸುವವರೆಗೆ ಅವನನ್ನು ಪಾಲುದಾರನೆಂದು ನಂಬಿ ವ್ಯವಹರಿಸಿದವರಿಗೆ ಅವನು ಹೊಣೆಗಾರನೇ.

ನೋಂದಣಿಯ ಮಾತು ಇನ್ನೂ ವಿಚಿತ್ರ. ಪಾಲುದಾರಿಕೆಯನ್ನು ನೋಂದಾಯಿಸಲೇಬೇಕೆಂಬ ಕಡ್ಡಾಯವಿಲ್ಲ. ಆದರೆ ನೋಂದಣಿಯಿಲ್ಲದ ಕೂಟವು ತನಗೆ ಬರಬೇಕಾದ ಹಣಕ್ಕಾಗಿ ಕರಾರಿನ ಆಧಾರದ ಮೇಲೆ ದಾವೆ ಹೂಡುವಂತಿಲ್ಲ. ಕಾಯಿದೆಯ ೬೯ನೆಯ ಕಲಮು ಆ ಬಾಗಿಲನ್ನು ಮುಚ್ಚಿದೆ. ಕೂಟದ ಮೇಲೆ ಬೇರೆಯವರು ದಾವೆ ಹೂಡಲು ಯಾವ ಅಡ್ಡಿಯೂ ಇಲ್ಲ! ದಾವಣಗೆರೆಯ ಕಮೀಷನ್ ಮಂಡಿಯವನೊಬ್ಬನು ನಿಮ್ಮ ಮಾಲಿನ ಹಣ ಕೊಡದೆ ಹೋದರೆ, ನೋಂದಣಿ ಮಾಡಿಸದ ನೀವು ಕಚೇರಿಯ ಕಟ್ಟೆಯ ಕೆಳಗೇ ನಿಲ್ಲಬೇಕು. ನೂರು ರೂಪಾಯಿ ಮೀರದ ಸಣ್ಣ ಬಾಕಿಗೆ ಮಾತ್ರ ಕಾಯಿದೆಯು ರಿಯಾಯಿತಿ ತೋರಿದೆ. ೧೯೩೨ರಲ್ಲಿ ನೂರು ರೂಪಾಯಿಗೆ ಒಂದು ಬೆಲೆಯಿತ್ತು. ಇಂದು ಆ ರಿಯಾಯಿತಿಯಿಂದ ಒಂದು ಚೀಲ ಈರುಳ್ಳಿಯ ಬಾಕಿಯೂ ಬಾರದು. ದಾವೆ ಹೂಡಿದ ಮೇಲೆ ಅವಸರದಿಂದ ನೋಂದಣಿ ಮಾಡಿಸಿದರೆ ಆ ದಾವೆ ಉಳಿಯುವುದಿಲ್ಲ; ಹೊಸದಾಗಿ ಹೂಡಬೇಕು, ಅಷ್ಟರಲ್ಲಿ ವಾಯಿದೆ ತೀರಿದ್ದರೆ ಅದೂ ಇಲ್ಲ. ಆದುದರಿಂದ ಪಾಲುದಾರಿಕೆಗೆ ಇಳಿಯುವವರು ಮೊದಲು ಪತ್ರ ಬರೆಸಿ, ಫರ್ಮುಗಳ ರಿಜಿಸ್ಟ್ರಾರರಲ್ಲಿ ನೋಂದಾಯಿಸಿ, ಆಮೇಲೆ ಮೊದಲ ಚೀಲವನ್ನು ಕೊಳ್ಳತಕ್ಕದ್ದು. ಐವತ್ತು ಮಂದಿಗಿಂತ ಹೆಚ್ಚು ಜನ ಲಾಭಕ್ಕಾಗಿ ಹೀಗೆ ಕೂಡುವುದಕ್ಕೆ ಅವಕಾಶವೇ ಇಲ್ಲವೆಂಬುದೂ ನೆನಪಿರಲಿ. ಅಷ್ಟು ಜನವಾದರೆ ಕಂಪೆನಿಯನ್ನೋ ಸಹಕಾರ ಸಂಘವನ್ನೋ ಕಟ್ಟಬೇಕು.

ಕಂಪೆನಿಯ ಮೂಲತತ್ತ್ವವನ್ನು ಒಂದು ವಾಕ್ಯದಲ್ಲಿ ಹೇಳಬಹುದು: ಕಟ್ಟಿದವರಿಂದ ಕಂಪೆನಿಯು ಬೇರೆಯಾದ ಒಬ್ಬ ವ್ಯಕ್ತಿ. ಲಂಡನ್ನಿನಲ್ಲಿ ಸಾಲೊಮನ್ ಎಂಬ ಪಾದರಕ್ಷೆಯ ವ್ಯಾಪಾರಿಯು ತನ್ನ ಅಂಗಡಿಯನ್ನು ತಾನೂ ತನ್ನ ಮನೆಯವರೂ ಸೇರಿ ಕಟ್ಟಿದ ಕಂಪೆನಿಗೆ ಮಾರಿದನು. ಕಂಪೆನಿ ಮುರಿದುಬಿತ್ತು. ಅಂಗಡಿಯ ಸಾಲ ಅವನ ಸಾಲವೇ ಎಂದು ಸಾಲಗಾರರು ವಾದಿಸಿದರು. ೧೮೯೭ರಲ್ಲಿ ಅಲ್ಲಿಯ ಪ್ರಭುಗಳ ಸಭೆಯು ಅದನ್ನೊಪ್ಪದೆ, ಕಂಪೆನಿ ಬೇರೆ, ಸಾಲೊಮನ್ ಬೇರೆ ಎಂದು ತೀರ್ಪಿತ್ತಿತು. ನಮ್ಮ ೧೯೧೩, ೧೯೫೬, ೨೦೧೩ರ ಕಂಪೆನಿ ಕಾಯಿದೆಗಳೆಲ್ಲವೂ ಈ ತಳಹದಿಯ ಮೇಲೆಯೇ ನಿಂತಿವೆ. ಷೇರಿನ ಹಣ ಪೂರ್ತಿ ಕೊಟ್ಟವನ ಹೊಣೆ ಅಲ್ಲಿಗೆ ಮುಗಿಯಿತು. ಖಾಸಗಿ ಕಂಪೆನಿಗೆ ಇಬ್ಬರು ಸಾಕು, ಇನ್ನೂರು ಮಂದಿಯನ್ನು ಮೀರಬಾರದು. ಸಾರ್ವಜನಿಕ ಕಂಪೆನಿಗೆ ಕನಿಷ್ಠ ಏಳು ಮಂದಿ ಬೇಕು.

ಈ ರೂಪದಿಂದ ಕನ್ನಡ ನಾಡಿಗೆ ಆದ ಉಪಕಾರ ಸಣ್ಣದಲ್ಲ. ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ೧೯೦೬ರಲ್ಲಿ ಹಿಂದೂ ಪರ್ಮನೆಂಟ್ ಫಂಡು ಎಂದು ಆರಂಭಿಸಿದ ಕೂಟವು ೧೯೧೦ರಲ್ಲಿ ಕೆನರಾ ಬ್ಯಾಂಕೆಂಬ ಲಿಮಿಟೆಡ್ ಕಂಪೆನಿಯಾಯಿತು. ಅದೇ ೧೯೦೬ರಲ್ಲಿ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಮೂಲಸಂಸ್ಥೆ, ೧೯೧೩ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಬ್ಯಾಂಕು, ೧೯೨೪ರಲ್ಲಿ ಮಂಗಳೂರಿನಲ್ಲಿ ಕರ್ಣಾಟಕ ಬ್ಯಾಂಕು ಹುಟ್ಟಿದವು. ಮನೆಮಠ ಹೋಗುವ ಭಯವಿಲ್ಲದೆ ವಕೀಲನೂ ವರ್ತಕನೂ ಹಣ ಹಾಕಲು ಸಾಧ್ಯವಾದುದರಿಂದಲೇ ಇವು ಬೆಳೆದವು.

ಆದರೆ ಲಿಮಿಟೆಡ್ ಎಂಬ ಮಾತನ್ನು ಕೇಳಿ ಮೈಮರೆಯಬಾರದು. ಸಣ್ಣ ಕಂಪೆನಿಗೆ ಸಾಲ ಕೊಡುವ ಬ್ಯಾಂಕು ನಿರ್ದೇಶಕರ ಸ್ವಂತ ಜಾಮೀನನ್ನು ಕೇಳುವುದೇ ವಾಡಿಕೆ. ಆ ಕಾಗದಕ್ಕೆ ರುಜು ಹಾಕಿದ ಕೂಡಲೇ ಕಾಯಿದೆ ಕಟ್ಟಿದ ಗೋಡೆಯನ್ನು ನೀವೇ ಕೆಡವಿದಂತಾಯಿತು. ಮೇಲಾಗಿ ಕಂಪೆನಿಯು ವರ್ಷವರ್ಷವೂ ಲೆಕ್ಕಪತ್ರಗಳನ್ನೂ ವಾರ್ಷಿಕ ವಿವರವನ್ನೂ ಕಂಪೆನಿಗಳ ರಿಜಿಸ್ಟ್ರಾರರಿಗೆ ಒಪ್ಪಿಸಲೇಬೇಕು. ವ್ಯಾಪಾರ ನಡೆಯದಿದ್ದರೂ ಒಪ್ಪಿಸಬೇಕು. ತಡವಾದರೆ ಒಂದೊಂದು ಪತ್ರಕ್ಕೆ ದಿನಕ್ಕೆ ನೂರು ರೂಪಾಯಿಯಂತೆ ಹೆಚ್ಚುವರಿ ಶುಲ್ಕ ಏರುತ್ತದೆ. ಮೂರು ವರ್ಷ ಎಡೆಬಿಡದೆ ತಪ್ಪಿದರೆ ನಿರ್ದೇಶಕರು ಐದು ವರ್ಷ ಯಾವ ಕಂಪೆನಿಯಲ್ಲಿಯೂ ಆ ಸ್ಥಾನಕ್ಕೆ ಅರ್ಹರಲ್ಲ. ೨೦೦೮ರ ಕಾಯಿದೆಯ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆಯು ಇವೆರಡರ ನಡುವಣ ದಾರಿ. ಲೆಕ್ಕ ತಿಳಿದ ಇಬ್ಬರು ಮೂವರು ವರ್ತಕರಿಗೆ ಅದು ಒಪ್ಪುತ್ತದೆ.

ಕಂಪೆನಿಯಲ್ಲಿ ಮಾತಿನ ಪ್ರಶ್ನೆಗೆ ಉತ್ತರ ಷೇರಿನದು. ನೂರು ಷೇರಿದ್ದವನಿಗೆ ನೂರು ಮತ, ಒಂದಿದ್ದವನಿಗೆ ಒಂದು. ರೈತರ ನಡುವೆ ಇದು ಬಹುಕಾಲ ನಡೆಯದು. ದೊಡ್ಡ ಹಿಡುವಳಿದಾರನೊಬ್ಬನು ಹೆಚ್ಚು ಷೇರು ಕೊಂಡನೆಂದರೆ ಉಳಿದವರು ಅವನಿಗೆ ಮಾಲು ಹಾಕುವವರಾಗಿಯೇ ಉಳಿಯುತ್ತಾರೆ. ಸಹಕಾರ ಸಂಘವಾದರೋ ಒಬ್ಬನಿಗೆ ಒಂದೇ ಮತವೆನ್ನುತ್ತದೆ. ಇದರ ಬಲವನ್ನು ಕಾಣಬೇಕಾದರೆ ಅಡಕೆಯವರನ್ನು ನೋಡಬೇಕು. ಶಿರಸಿಯ ತೋಟಗಾರರ ಮಾರಾಟ ಸಂಘ, ಶಿವಮೊಗ್ಗದ ಮಾಮ್ಕೋಸ್, ನಮ್ಮ ಜಿಲ್ಲೆಯದೇ ಆದ ಚನ್ನಗಿರಿಯ ತುಮ್ಕೋಸ್ ಇವೆಲ್ಲ ಬೆಳೆಗಾರರು ದಲ್ಲಾಳಿಯ ಕೈಯಿಂದ ತಕ್ಕಡಿಯನ್ನು ಕಸಿದುಕೊಂಡ ಕಥೆಗಳು. ೧೯೭೩ರಲ್ಲಿ, ಅಡಕೆಯ ಬೆಲೆ ಕುಸಿದು ಬೆಳೆಗಾರರು ಕಂಗೆಟ್ಟಿದ್ದಾಗ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ಅದರ ಕಾರ್ಯಕ್ಷೇತ್ರ ಕರ್ನಾಟಕ, ಕೇರಳಗಳೆರಡೂ. ರಾಜ್ಯಗಳ ಗಡಿಯು ಕಾಸರಗೋಡಿನ ಕನ್ನಡ ಬೆಳೆಗಾರನನ್ನು ಪುತ್ತೂರಿನ ಬೆಳೆಗಾರನಿಂದ ಬೇರ್ಪಡಿಸಿತ್ತು; ಒಂದು ಸಂಘದ ಸದಸ್ಯತ್ವವು ಅವರಿಬ್ಬರನ್ನೂ ಒಂದೇ ಸಾಮಾನ್ಯ ಸಭೆಯಲ್ಲಿ ಕುಳ್ಳಿರಿಸಿತು. ಇಂದು ಅದು ಬಹುರಾಜ್ಯ ಸಹಕಾರ ಸಂಘಗಳ ಕಾಯಿದೆಯಡಿ ನಡೆಯುತ್ತದೆ.

ಸಹಕಾರಕ್ಕೂ ತನ್ನ ರೋಗಗಳಿವೆ. ರಿಜಿಸ್ಟ್ರಾರರ ಅಧಿಕಾರ ದೊಡ್ಡದು. ಆಡಳಿತ ಮಂಡಲಿಯನ್ನು ತೆಗೆದು ಆಡಳಿತಾಧಿಕಾರಿಯನ್ನು ಕೂರಿಸುವ ದಾರಿಯೂ ಕಾಯಿದೆಯಲ್ಲಿದೆ. ಸಂಘದ ಚುನಾವಣೆಯು ಪಕ್ಷದ ಚುನಾವಣೆಯಾಗುವುದನ್ನು ನೀವೆಲ್ಲರೂ ಕಂಡಿದ್ದೀರಿ. ಸರಕಾರದ ಕೈಯನ್ನು ಸಡಿಲಿಸಲೆಂದೇ ೧೯೯೭ರ ಸೌಹಾರ್ದ ಸಹಕಾರಿ ಕಾಯಿದೆ ಬಂತು. ಆದರೆ ಸರಕಾರದ ಕೈ ಸಡಿಲಾದಲ್ಲಿ ಸದಸ್ಯರ ಕೈ ಬಿಗಿಯಾಗಬೇಕಷ್ಟೆ. ಎಷ್ಟೋ ಕಡೆ ಆಗಲಿಲ್ಲ.

ಇಲ್ಲಿ ಉಪಾಧ್ಯಾಯ ಮಿತ್ರರಿಗೆ ಒಂದು ಮಾತನ್ನು ಬಿಡಿಸಿ ಹೇಳಬೇಕಾಗಿದೆ. ಬ್ಯಾಂಕಿನಲ್ಲಿಟ್ಟ ಠೇವಣಿಗೆ ಐದು ಲಕ್ಷ ರೂಪಾಯಿಯವರೆಗೆ ವಿಮೆಯ ರಕ್ಷಣೆಯುಂಟು. ೨೦೨೦ರವರೆಗೆ ಅದು ಒಂದೇ ಲಕ್ಷವಾಗಿತ್ತು. ಸಹಕಾರಿ ಬ್ಯಾಂಕುಗಳಿಗೂ ಈ ರಕ್ಷಣೆ ಸಲ್ಲುತ್ತದೆ. ಆದರೆ ಪತ್ತಿನ ಸಹಕಾರ ಸಂಘಕ್ಕಾಗಲಿ, ಸೌಹಾರ್ದ ಪತ್ತಿನ ಸಹಕಾರಿಗಾಗಲಿ ಅದು ಸಲ್ಲದು. ಫಲಕವೂ ಗಾಜಿನ ಬಾಗಿಲೂ ಬ್ಯಾಂಕಿನಂತೆಯೇ ಇರಬಹುದು. ಬಡ್ಡಿ ಒಂದೆರಡು ಪಾಲು ಹೆಚ್ಚೂ ಇರಬಹುದು. ನಿವೃತ್ತಿಯ ಹಣವನ್ನೆಲ್ಲ ಆ ಬಡ್ಡಿಗಾಗಿ ಒಂದೇ ಸಂಘದಲ್ಲಿಟ್ಟು, ಬಾಗಿಲು ಮುಚ್ಚಿದ ಮೇಲೆ ರಿಜಿಸ್ಟ್ರಾರರ ಕಚೇರಿಗೆ ಅಲೆದವರು ನಮ್ಮ ನಾಡಿನಲ್ಲಿ ಸಾವಿರಾರು ಮಂದಿ. ಠೇವಣಿ ಇಡುವ ಮೊದಲು ಸಂಘದ ಹೆಸರನ್ನು ಪೂರ್ತಿ ಓದಿರಿ. ಸಾಮಾನ್ಯ ಸಭೆಗೆ ಹೋಗಿ, ಸಿಹಿಯ ಪೊಟ್ಟಣವನ್ನು ಹಿಡಿದು ಬರುವುದರ ಬದಲು ವಸೂಲಾಗದ ಸಾಲವೆಷ್ಟೆಂದು ಎದ್ದು ನಿಂತು ಕೇಳಿರಿ.

ಇನ್ನುಳಿದುದು ಉತ್ಪಾದಕರ ಕಂಪೆನಿ. ಅರ್ಥಶಾಸ್ತ್ರಜ್ಞ ಯೋಗಿಂದರ್ ಅಲಘ್ ಅವರ ಸಮಿತಿಯ ಸಲಹೆಯಂತೆ ೨೦೦೨ರಲ್ಲಿ ಕಂಪೆನಿ ಕಾಯಿದೆಗೆ ಸೇರಿದ ರೂಪವಿದು. ಹತ್ತು ಮಂದಿ ಬೆಳೆಗಾರರು ಸೇರಿದರೆ ಕಟ್ಟಬಹುದು. ಹೊಣೆ ಕಂಪೆನಿಯಂತೆ ಷೇರಿಗೆ ಸೀಮಿತ. ಮತ ಸಹಕಾರದಂತೆ ಒಬ್ಬನಿಗೆ ಒಂದು. ಬೆಳೆಯುವವನಲ್ಲದೆ ಬೇರೆಯವನು ಸದಸ್ಯನಾಗುವಂತಿಲ್ಲ, ಷೇರನ್ನು ಪೇಟೆಯಲ್ಲಿ ಮಾರುವಂತಿಲ್ಲ. ನಿರ್ದೇಶಕರು ಐವರಿಂದ ಹದಿನೈದು ಮಂದಿ. ಪೂರ್ಣಕಾಲದ ಮುಖ್ಯ ಕಾರ್ಯನಿರ್ವಾಹಕನೊಬ್ಬನು ಇರಲೇಬೇಕು. ಲಾಭದಲ್ಲಿ ಷೇರಿಗೆ ಮಿತವಾದ ಪ್ರತಿಫಲವನ್ನಿತ್ತ ಮೇಲೆ, ಯಾರು ಎಷ್ಟು ಮಾಲು ಹಾಕಿದರೋ ಅದಕ್ಕೆ ತಕ್ಕಂತೆ ಬೋನಸು ಹಂಚಬಹುದು. ಕೇಂದ್ರ ಸರಕಾರವು ೨೦೨೦ರಲ್ಲಿ ಹತ್ತು ಸಾವಿರ ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಯೋಜನೆಯನ್ನು ಹೂಡಿದ ಮೇಲೆ ಇವು ಊರೂರಿಗೆ ಎದ್ದಿವೆ. ಸಹಾಯಧನಕ್ಕಾಗಿಯೇ ಎದ್ದವು ಧನ ತೀರಿದೊಡನೆ ಮಲಗುವುದನ್ನೂ ಕಾಣುತ್ತೇವೆ. ಮಲಗಿದ ಕಂಪೆನಿಗೂ ವರ್ಷದ ಲೆಕ್ಕ ಒಪ್ಪಿಸುವ ಕರ್ತವ್ಯ ತಪ್ಪದೆಂಬುದನ್ನು, ಹಾಗೆ ತಪ್ಪಿದರೆ ನಿರ್ದೇಶಕರೆಂದು ಹೆಬ್ಬೆಟ್ಟೊತ್ತಿದ ರೈತರಿಗೇ ದಂಡ ತಗಲುವುದೆಂಬುದನ್ನು ಅವರಿಗೆ ಮೊದಲು ಹೇಳಿದವರಿಲ್ಲ.

ಹಾಗಾದರೆ ಸೊಕ್ಕೆಯವರು ಯಾವುದನ್ನು ಕಟ್ಟಬೇಕೆಂದು ಸಭೆಗೆ ಮೊದಲೇ ಕೆಲವರು ನಮ್ಮನ್ನು ಕೇಳಿದರು. ಶೇಂಗಾ, ಈರುಳ್ಳಿಗಳನ್ನು ಕೂಡಿಟ್ಟು ಮಾರುವುದಷ್ಟೇ ಉದ್ದೇಶವಾದರೆ ನಮ್ಮ ಒಲವು ಸಹಕಾರ ಸಂಘದ ಕಡೆಗೆ. ಅದರ ಕಚೇರಿಗಳು ತಾಲೂಕು, ಜಿಲ್ಲೆಗಳಲ್ಲಿಯೇ ಸಿಕ್ಕುತ್ತವೆ. ವ್ಯಾಜ್ಯಗಳನ್ನು ಸಿವಿಲ್ ಕೋರ್ಟಿಗೆ ಒಯ್ಯದೆ ರಿಜಿಸ್ಟ್ರಾರರ ಮುಂದೆಯೇ ತೀರಿಸಿಕೊಳ್ಳುವ ಏರ್ಪಾಡಿದೆ. ಎಣ್ಣೆ ತೆಗೆದು ಪೊಟ್ಟಣ ಕಟ್ಟಿ ಹೊರರಾಜ್ಯಗಳ ಪೇಟೆಗೆ ಕಳುಹಿಸುವ ಆಸೆಯಿದ್ದು, ಲೆಕ್ಕ ಬಲ್ಲ ಯುವಕನೊಬ್ಬನಿಗೆ ಸಂಬಳ ಕೊಡುವ ಶಕ್ತಿಯಿದ್ದರೆ ಉತ್ಪಾದಕರ ಕಂಪೆನಿಯು ಮೇಲು. ಸಂಬಳ ಕೊಡಲಾರದವರು ಆ ಗೋಜಿಗೆ ಹೋಗಬಾರದು. ಸರಕಾರಿ ಉಪಾಧ್ಯಾಯರು ನಡತೆಯ ನಿಯಮಗಳಿಗೆ ಕಟ್ಟುಬಿದ್ದವರು. ಮೇಲಧಿಕಾರಿಗಳ ಅನುಮತಿಯಿಲ್ಲದೆ ಪಾಲುದಾರರಾಗುವುದೂ ನಿರ್ದೇಶಕರಾಗುವುದೂ ಅವರಿಗೆ ಅಪಾಯ. ಆದರೆ ಉಪವಿಧಿಗಳ ಕರಡನ್ನು ತಿಳಿಗನ್ನಡದಲ್ಲಿ ಓದಿ ಹೇಳುವುದಕ್ಕೆ ಯಾವ ಅನುಮತಿಯೂ ಬೇಡ.

ಕರಡು ಸಿದ್ಧಪಡಿಸುವಾಗ ಕಾರ್ಯಕ್ಷೇತ್ರದ ಕಲಮಿನಲ್ಲಿ ಸೊಕ್ಕೆ ಹೋಬಳಿಯೊಂದನ್ನೇ ಬರೆದು ನಿಲ್ಲಿಸಬೇಡಿರಿ. ಗಡಿಯಾಚೆಯ ಕೂಡ್ಲಿಗಿ ತಾಲೂಕಿನ ಹಳ್ಳಿಗಳಲ್ಲಿಯೂ ಬೆಳೆಯುವುದು ಇದೇ ಶೇಂಗಾ. ಇಂದು ನಡುವೆ ಇರುವುದು ಜಿಲ್ಲೆಯ ಗಡಿ ಮಾತ್ರ. ಎರಡು ಜಿಲ್ಲೆಗಳಲ್ಲಿ ಸದಸ್ಯರನ್ನು ಪಡೆಯಬೇಕಾದರೆ ಅರ್ಜಿಯಲ್ಲಿಯೇ ಅದನ್ನು ಕೇಳಬೇಕು, ಆಮೇಲೆ ತಿದ್ದುಪಡಿಗಾಗಿ ಓಡಾಡುವುದು ವರ್ಷದ ಕೆಲಸ. ಹಾಗೆಯೇ ಸದಸ್ಯನು ಸಂಘಕ್ಕೆ ಮಾಲು ಹಾಕದೆ ಹೊರಗೆ ಮಾರಿದರೆ ಏನು ಮಾಡತಕ್ಕದ್ದೆಂಬುದನ್ನೂ, ಹಣ ಎಷ್ಟು ದಿನದೊಳಗೆ ಅವನ ಕೈ ಸೇರಬೇಕೆಂಬುದನ್ನೂ ಮೊದಲ ದಿನವೇ ಬರೆದಿಡಿರಿ. ಮಾರಾಟದ ಸಂಘಗಳು ಸೊರಗುವುದು ಹೆಚ್ಚಾಗಿ ಈ ಎರಡು ಕಲಮುಗಳು ಇಲ್ಲದುದರಿಂದಲೇ. ಕರಡಿನ ಮೇಲೆ ನಿಮ್ಮ ಸಂದೇಹಗಳೇನಿದ್ದರೂ ಈಗಲೇ ಕೇಳಬಹುದು, ನಮಗೆ ಹೊತ್ತಿದೆ.